ತಣಿಯುವಾಗ ಸೀಳುವ ಕಬ್ಬಿಣ

ಹಳೆಯ ಕಾರೊಂದನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಜೋರಾಗುತ್ತದೆ, ಬಿಟ್ಟರೆ ಇಳಿಯುತ್ತದೆ. ನಾಲ್ಕಾರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಸದ್ದೇ ಇಲ್ಲ. ಗ್ಯಾರೇಜು ತಲುಪುವ ಹೊತ್ತಿಗೆ ಎಂಜಿನ್ ಕಾದಿರುತ್ತದೆ, ಮೆಕ್ಯಾನಿಕ್‌ಗೆ ಕೇಳಿಸಲು ಏನೂ ಉಳಿದಿರುವುದಿಲ್ಲ. "ಟ್ಯಾಪೆಟ್ ಸೌಂಡ್ ಇರ್ಬೇಕು ಸಾರ್, ಆಯಿಲ್ ಚೇಂಜ್ ಮಾಡಿ ನೋಡೋಣ" ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆ ಊಹೆಗೆ ಆಧಾರವಿಲ್ಲವೆನ್ನುವಂತಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಅಷ್ಟರಲ್ಲಿ ವಾಲ್ವ್ ತೆರೆಯುವ ಪ್ರತಿ ಟ್ಯಾಪೆಟ್ ಒಮ್ಮೆ ಬಡಿಯುತ್ತದೆ, ಪ್ರತಿ ಸಿಲಿಂಡರ್ ಒಮ್ಮೆ ಹೊಗೆ ಉಗುಳುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ ಎರಡೂ ಸೆಕೆಂಡಿಗೆ ಆರೇಳು ಸಲ ಆಗುತ್ತವೆ. ಸಡಿಲಾದ ಟ್ಯಾಪೆಟ್ಟಿನ ತಾಳವೂ, ಒಂದು ಸಿಲಿಂಡರಿನ ಹೊಗೆ ತನ್ನ ದಾರಿಯ ಲೋಹದಲ್ಲಿ ಬಿದ್ದ ಬಿರುಕಿನಿಂದ ನುಗ್ಗುವ ತಾಳವೂ ಒಂದೇ. ಬರೀ ಲಯ ಕೇಳಿ ಇವನ್ನು ಬೇರೆ ಮಾಡಲು ಸಾಧ್ಯವಿಲ್ಲ. ಬೇರೆ ಮಾಡುವುದು ಎರಡು ಗುಣಗಳು. ಮೊದಲನೆಯದು, ಏರು ಹತ್ತುವಾಗ, ಅಂದರೆ ಎಂಜಿನ್ ಮೇಲೆ ಹೊರೆ ಬಿದ್ದಾಗ ಹೊಗೆಯ ಒತ್ತಡ ಏರಿ ಬಿರುಕಿನ ಸದ್ದು ದೊಡ್ಡದಾಗುತ್ತದೆ. ಟ್ಯಾಪೆಟ್ಟಿಗೆ ಹೊರೆಯ ಹಂಗು ಅಷ್ಟಿಲ್ಲ. ಎರಡನೆಯದು, ಬಿಸಿಯಾದಂತೆ ಬಿರುಕು ಮುಚ್ಚಿಕೊಳ್ಳುತ್ತದೆ. ಈ ಎರಡನೆಯ ಗುಣದಲ್ಲೇ ಬಿರುಕು ಯಾಕೆ ಬಂತು ಎಂಬುದರ ಉತ್ತರವೂ ಇದೆ.

ಬಿರುಕು ಬಿಟ್ಟಿರುವ ಭಾಗದ ಹೆಸರು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಸಿಲಿಂಡರ್ ಹೆಡ್ಡಿನ ಪಕ್ಕಕ್ಕೆ ಬೋಲ್ಟು ಹಾಕಿ ಬಿಗಿದಿರುವ, ಪ್ರತಿ ಸಿಲಿಂಡರಿನ ಹೊಗೆಯನ್ನು ಒಂದೊಂದು ಕವಲಿನಲ್ಲಿ ಹಿಡಿದು ಒಂದೇ ಕೊಳವೆಗೆ ಸೇರಿಸುವ ಲೋಹದ ತುಂಡು ಅದು. ಅದರಾಚೆಗೆ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್, ಹಿಂದಿನ ಪೈಪು. ಮ್ಯಾನಿಫೋಲ್ಡಿನೊಳಗೆ ಚಲಿಸುವ ಭಾಗವೊಂದೂ ಇಲ್ಲ. ಸವೆಯಲು, ಜಾಮ್ ಆಗಲು ಏನೂ ಇಲ್ಲದ ಈ ತುಂಡು ಒಡೆಯುವುದಾದರೂ ಯಾಕೆ? ಬೆಂಕಿಯಂಥ ಹೊಗೆ ಹಾದುಹೋಗುತ್ತದೆ, ಸುಟ್ಟು ಒಡೆಯುತ್ತದೆ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಪೆಟ್ರೋಲ್ ಎಂಜಿನ್ನಿನ ಹೊಗೆ ಪೂರ್ತಿ ಹೊರೆಯಲ್ಲೂ 850-900 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹಳೆಯ ಮ್ಯಾನಿಫೋಲ್ಡುಗಳ ಲೋಹವಾದ ಬೀಡು ಕಬ್ಬಿಣ ಕರಗಲು 1,150 ಡಿಗ್ರಿ ದಾಟಬೇಕು. ಶಾಖವೊಂದೇ ಕಾರಣವಾಗಿದ್ದರೆ ಬಿರುಕು ಬಿಸಿಯಲ್ಲಿ ಬಾಯಿ ತೆರೆಯಬೇಕಿತ್ತು. ಇದು ತಣ್ಣಗಿರುವಾಗ ತೆರೆಯುತ್ತದೆ.

ಹಿಗ್ಗಲು ಎಡೆಯಿಲ್ಲದಾಗ

ಒಂದು ಲೆಕ್ಕ ಹಾಕೋಣ. ಅರ್ಧ ಮೀಟರ್ ಉದ್ದದ ಉಕ್ಕಿನ ಮ್ಯಾನಿಫೋಲ್ಡ್ ಇದೆ. ಬೆಳಿಗ್ಗೆ ಅದರ ಉಷ್ಣತೆ 30 ಡಿಗ್ರಿ, ಹೆದ್ದಾರಿಯಲ್ಲಿ ಓಡುವಾಗ ಲೋಹದ ಸರಾಸರಿ ಉಷ್ಣತೆ 500 ಡಿಗ್ರಿ ಎಂದಿಟ್ಟುಕೊಳ್ಳಿ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 470 ಡಿಗ್ರಿ ಏರಿಕೆಗೆ ಅರ್ಧ ಮೀಟರ್ ಉಕ್ಕು ಸುಮಾರು 2.8 ಮಿಲಿಮೀಟರ್ ಉದ್ದವಾಗಬೇಕು. ಅದನ್ನು ಹಿಡಿದಿರುವ ಹೆಡ್ಡು ಮಾತ್ರ ನೀರಿನ ಜಾಕೆಟ್ಟಿನ ದೆಸೆಯಿಂದ 100 ಡಿಗ್ರಿಯ ಸುತ್ತಮುತ್ತಲೇ ನಿಲ್ಲುತ್ತದೆ. ಬೀಡು ಕಬ್ಬಿಣದ ಹೆಡ್ಡಾದರೆ ಅದೇ ಅರ್ಧ ಮೀಟರಿನಲ್ಲಿ 0.4 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಹೆಡ್ಡು ಅದರ ಎರಡರಷ್ಟು ಹಿಗ್ಗಿದರೂ ಒಂದು ಮಿಲಿಮೀಟರ್ ಮುಟ್ಟುವುದಿಲ್ಲ. ಅಕ್ಕಪಕ್ಕ ಬಿಗಿದಿಟ್ಟ ಎರಡು ಲೋಹಗಳ ನಡುವೆ ಪ್ರತಿ ಪ್ರಯಾಣದಲ್ಲೂ ಎರಡು ಮಿಲಿಮೀಟರಿನಷ್ಟು ಜಗಳ.

ಎರಡು ಮಿಲಿಮೀಟರ್ ಕೇಳಲು ಅಲ್ಪ. ಆ ಹಿಗ್ಗನ್ನು ಪೂರ್ತಿ ತಡೆದರೆ ಲೋಹದೊಳಗೆ ಹುಟ್ಟುವ ಒತ್ತಡ ಅಲ್ಪವಲ್ಲ. ಮ್ಯಾನಿಫೋಲ್ಡು ಬೀಡು ಕಬ್ಬಿಣದ್ದೆನ್ನಿ, ಅದರ ಬಿಗುಪು ಸುಮಾರು 100 ಗಿಗಾಪ್ಯಾಸ್ಕಲ್. 400 ಡಿಗ್ರಿಯ ಹಿಗ್ಗನ್ನು ಅದುಮಿ ಹಿಡಿದರೆ ಒಳಗಿನ ಒತ್ತಡ 440 ಮೆಗಾಪ್ಯಾಸ್ಕಲ್ ತಲುಪಬೇಕೆಂದು ಲೆಕ್ಕ ಹೇಳುತ್ತದೆ. ಬೀಡಿನಲ್ಲೇ ಸಾಮಾನ್ಯ ಬಗೆಯಾದ ಬೂದು ಬೀಡು ಎಳೆತದಲ್ಲಿ ತಡೆಯುವುದು 200-250 ಮೆಗಾಪ್ಯಾಸ್ಕಲ್. ಹಾಗಿದ್ದರೆ ಮೊದಲ ದಿನವೇ ಒಡೆಯಬೇಕಲ್ಲ? ಒಡೆಯುವುದಿಲ್ಲ. ಹಿಗ್ಗುವುದನ್ನು ತಡೆದಾಗ ಲೋಹ ಅದುಮಲ್ಪಡುತ್ತದೆ, ಅದುಮುವಿಕೆಯನ್ನು ಬೂದು ಬೀಡು ಎಳೆತದ ಮೂರು ನಾಲ್ಕು ಪಟ್ಟು ತಡೆದುಕೊಳ್ಳುತ್ತದೆ. ಬಿಸಿಯಾಗಿ ಮೆದುವಾದ ಕಡೆ ಅದು ಒಡೆಯದೆ ತುಸು ಕುಗ್ಗಿ, ದಪ್ಪವಾಗಿ, ಹೊಂದಿಕೊಂಡುಬಿಡುತ್ತದೆ. ಸಮಸ್ಯೆ ಅಲ್ಲಿಗೆ ಮುಗಿಯಿತೆನ್ನಿಸುತ್ತದೆ. ಆಮೇಲೆ ಕಾರು ಮನೆ ಸೇರುತ್ತದೆ, ಎಂಜಿನ್ ಆರುತ್ತದೆ.

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಮರದ ಗಾಲಿಗಿಂತ ತುಸು ಚಿಕ್ಕದಾಗಿ ಬಳೆ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರು ಸುರಿಯುತ್ತಾರೆ. ತಣಿಯುವ ಪಟ್ಟಿ ಅರೆಕಾಲುಗಳ ಸಂದೆಲ್ಲ ಕಿರ್ರೆನ್ನುವಂತೆ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಆ ಬಿಗಿತಕ್ಕೆ ಬೆಲೆ ಕೊಡುವುದು ಪಟ್ಟಿಯೇ: ಅದು ಕುಗ್ಗಲು ಬಯಸುತ್ತದೆ, ಗಾಲಿ ಬಿಡುವುದಿಲ್ಲ, ಹಾಗಾಗಿ ಅದು ಸದಾ ಎಳೆತದಲ್ಲೇ ಇರುತ್ತದೆ. ಮ್ಯಾನಿಫೋಲ್ಡಿಗೂ ಇದೇ ಗತಿ. ಬಿಸಿಯಲ್ಲಿ ಅದುಮಿಸಿಕೊಂಡು ಗಿಡ್ಡವಾದ ಲೋಹ ತಣಿದಾಗ ತನ್ನ ಹಳೆಯ ಉದ್ದಕ್ಕಿಂತಲೂ ಚಿಕ್ಕದಾಗಲು ನೋಡುತ್ತದೆ, ಬೋಲ್ಟುಗಳು ಬಿಡುವುದಿಲ್ಲ. ಎಳೆತದಲ್ಲಿ ದುರ್ಬಲವಾದ ಬೂದು ಬೀಡಿನ ಪಾಲಿಗೆ ಸಂಕಟದ ಗಳಿಗೆ ಅದು. ನಡುರಾತ್ರಿ ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಯಾರೂ ಮುಟ್ಟದೆ ಬಿರುಕು ಒಂದು ಕೂದಲೆಳೆಯಷ್ಟು ಮುಂದೆ ಸಾಗುತ್ತದೆ. ಬೆಳಿಗ್ಗೆ ಟಿಕ್ ಟಿಕ್. ಕಾದ ಮೇಲೆ ಹಿಗ್ಗಿದ ಅಂಚುಗಳು ಮತ್ತೆ ಒಂದನ್ನೊಂದು ಒತ್ತಿಕೊಳ್ಳುತ್ತವೆ, ಸದ್ದು ನಿಲ್ಲುತ್ತದೆ.

ಹೀಗೆ ಕಾದು ತಣಿದು ಲೋಹ ದಣಿಯುವುದಕ್ಕೆ ಗಣಿತ ಕೊಟ್ಟವರು ಜನರಲ್ ಎಲೆಕ್ಟ್ರಿಕ್‌ನ ಲೂಯಿಸ್ ಕಾಫಿನ್ ಮತ್ತು ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ಎಸ್. ಎಸ್. ಮ್ಯಾನ್ಸನ್. 1950ರ ದಶಕದ ಮೊದಲ ಅರ್ಧದಲ್ಲಿ, ಒಬ್ಬರ ಕೆಲಸದ ಜೊತೆ ಒಬ್ಬರಿಗೆ ಸಂಬಂಧವಿಲ್ಲದೆ, ಇಬ್ಬರೂ ಒಂದೇ ಸೂತ್ರಕ್ಕೆ ಬಂದರು. ಪ್ರತಿ ಆವರ್ತನೆಯಲ್ಲಿ ಲೋಹ ಹಿಂದಿರುಗಲಾಗದಂತೆ ಎಷ್ಟು ಸೊಟ್ಟಗಾಗುತ್ತದೆ ಎಂಬುದರ ಮೇಲೆ ಅದು ಎಷ್ಟು ಆವರ್ತನೆ ಬಾಳುತ್ತದೆ ಎಂಬುದು ನಿಂತಿದೆ. ಆ ಸೊಟ್ಟತನವನ್ನು ಅರ್ಧಕ್ಕೆ ಇಳಿಸಿದರೆ ಆಯುಸ್ಸು ಎರಡರಷ್ಟಾಗುವುದಿಲ್ಲ, ಮೂರು ನಾಲ್ಕರಷ್ಟಾಗುತ್ತದೆ. ಇಲ್ಲಿ ಎಣಿಕೆಗೆ ಬರುವುದು ಕಿಲೋಮೀಟರುಗಳಲ್ಲ, ಕಾದು ತಣಿದ ಸರತಿಗಳು. ದಿನಕ್ಕೆ ನಾಲ್ಕು ಸಲ ಮಾರುಕಟ್ಟೆ, ಶಾಲೆ, ಕಚೇರಿ ಎಂದು ಓಡಾಡಿ ಪ್ರತಿ ಸಲವೂ ಪೂರ್ತಿ ಆರುವ ಕಾರಿನ ಮ್ಯಾನಿಫೋಲ್ಡು, ದಿನವಿಡೀ ನಿಲ್ಲದೆ ಓಡುವ ಟ್ಯಾಕ್ಸಿಯದಕ್ಕಿಂತ ಕಡಿಮೆ ಕಿಲೋಮೀಟರಿಗೇ ಮುಪ್ಪಾಗುತ್ತದೆ. ಕಾದ ಮ್ಯಾನಿಫೋಲ್ಡಿನ ಮೇಲೆ ಮಳೆಯ ಹೊಂಡದ ನೀರು ಎರಚಿದರೆ ನಿಧಾನವಾಗಿ ನಡೆಯಬೇಕಾದ ತಣಿವು ಕ್ಷಣಗಳಲ್ಲಿ ನಡೆದು, ಎಳೆತ ಒಂದೇ ಜಾಗದಲ್ಲಿ ಬಂದು ಬೀಳುತ್ತದೆ.

ಚಕ್ಕೆ ಮತ್ತು ಗುಂಡು

ಒಡೆದ ಬೂದು ಬೀಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಅದು ಉಕ್ಕಿನಂತೆ ಹೊಳೆಯುವುದಿಲ್ಲ, ಮಂಕಾದ ಬೂದಿಬಣ್ಣ. ಬೆರಳಾಡಿಸಿದರೆ ಕಪ್ಪು ಹತ್ತುತ್ತದೆ. ಆ ಕಪ್ಪು ಗ್ರಾಫೈಟ್, ಪೆನ್ಸಿಲ್ಲಿನೊಳಗಿರುವ ವಸ್ತುವೇ. ಬೀಡಿನಲ್ಲಿ ತೂಕದ ಸುಮಾರು ಶೇಕಡ 3ರಿಂದ 3.5ರಷ್ಟು ಇಂಗಾಲ ಇರುತ್ತದೆ. ಎರಕ ಗಟ್ಟಿಯಾಗುವಾಗ ಅದರಲ್ಲಿ ಹೆಚ್ಚಿನ ಪಾಲು ತೆಳು ಚಕ್ಕೆಗಳಾಗಿ ಬೇರ್ಪಟ್ಟು ಕಬ್ಬಿಣದ ನಡುವೆ ಹರಡಿಕೊಳ್ಳುತ್ತದೆ. ಈ ಚಕ್ಕೆಗಳಿಂದಾಗಿ ಬೀಡನ್ನು ಕೊರೆಯುವುದು ಸುಲಭ, ಕಂಪನವನ್ನು ಅದು ಚೆನ್ನಾಗಿ ನುಂಗುತ್ತದೆ. ಅಗ್ಗವಾಗಿ ಯಾವ ಆಕಾರಕ್ಕೂ ಎರಕ ಹೊಯ್ಯಬಹುದು. ಹಳೆಯ ಕಾರುಗಳ ಮ್ಯಾನಿಫೋಲ್ಡುಗಳು ಬಹುಪಾಲು ಇದರಲ್ಲೇ ಆಗಿವೆ.

ಎಳೆತ ಬಿದ್ದಾಗ ಮಾತ್ರ ಅದೇ ಚಕ್ಕೆ ಶತ್ರು. ಕೇಂಬ್ರಿಜ್‌ನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ತೋರಿಸಿದಂತೆ, ಎಳೆತಕ್ಕೆ ಒಳಗಾದ ಫಲಕದಲ್ಲಿ ಒಂದು ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ತೂತು ಎಳೆತಕ್ಕೆ ಅಡ್ಡಲಾಗಿ ಮಲಗಿದ ಅಂಡಾಕಾರವಾಗಿದ್ದು, ಅಗಲದ ಹತ್ತು ಪಟ್ಟು ಉದ್ದವಿದ್ದರೆ ತುದಿಯ ಒತ್ತಡ 21 ಪಟ್ಟು. ಗ್ರಾಫೈಟಿಗೆ ಬಲವಿಲ್ಲದ ಕಾರಣ ಅದರ ಪ್ರತಿ ಚಕ್ಕೆಯೂ ಬೀಡಿನೊಳಗೆ ಹರಿತವಾದ ತೂತಿನ ಹಾಗೆಯೇ ವರ್ತಿಸುತ್ತದೆ. ಸಾಲದ್ದಕ್ಕೆ, ವರ್ಷಗಟ್ಟಲೆ ಕಾದ ಬೀಡಿನಲ್ಲಿ ಚಕ್ಕೆಗಳ ದಾರಿ ಹಿಡಿದು ಆಮ್ಲಜನಕ ಒಳನುಗ್ಗಿ ತುಕ್ಕು ಕಟ್ಟುತ್ತದೆ, ಕಬ್ಬಿಣದ ಜೊತೆ ಕೂಡಿದ್ದ ಇಂಗಾಲ ಬಿಟ್ಟುಬಂದು ಹೊಸ ಗ್ರಾಫೈಟ್ ಆಗುತ್ತದೆ. ಎರಕದ ತುಂಡು ನಿಜವಾಗಿಯೂ ಊದಿಕೊಳ್ಳುತ್ತದೆ, ಊದಿದಷ್ಟೂ ಬಲ ಕಳೆದುಕೊಳ್ಳುತ್ತದೆ.

ಚಕ್ಕೆಯನ್ನು ಗುಂಡಾಗಿಸುವ ಉಪಾಯ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ. 1943ರಲ್ಲಿ ಇಂಟರ್‌ನ್ಯಾಷನಲ್ ನಿಕ್ಕಲ್ ಕಂಪನಿಯ ಕೀತ್ ಮಿಲ್ಲಿಸ್, ಯುದ್ಧದಿಂದಾಗಿ ದುರ್ಲಭವಾಗಿದ್ದ ಕ್ರೋಮಿಯಂಗೆ ಬದಲಿ ಹುಡುಕುತ್ತ ಕರಗಿದ ಬೀಡಿಗೆ ಮೆಗ್ನೀಸಿಯಂ ಬೆರೆಸಿದಾಗ ಗ್ರಾಫೈಟು ಗೋಲಿಗಳಾಗಿ ಕಟ್ಟಿಕೊಂಡಿತು. 1949ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಇಂಗ್ಲಿಸ್ ಲೆಕ್ಕದಲ್ಲಿ 21 ಪಟ್ಟಿನಿಂದ ಮೂರು ಪಟ್ಟಿಗೆ ಇಳಿದ ಹಾಗೆ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ಎಸ್‌.ಜಿ. ಐರನ್ ಎನ್ನುವುದು ಗೋಲಿ ಗ್ರಾಫೈಟಿನ ಈ ಬೀಡನ್ನೇ. ಕರಗಿದ ಬೀಡು ಮೆಗ್ನೀಸಿಯಂ ಮುಟ್ಟಿದ ಕ್ಷಣ ಲ್ಯಾಡಲ್ಲಿನಿಂದ ಕಣ್ಣು ಕುಕ್ಕುವ ಬಿಳಿಯ ಜ್ವಾಲೆ ಏಳುತ್ತದೆ. ಎಸ್.ಜಿ. ಐರನ್ನಿಗೆ ಶೇಕಡ ನಾಲ್ಕರಷ್ಟು ಸಿಲಿಕಾನ್, ತುಸು ಮಾಲಿಬ್ಡಿನಂ ಸೇರಿಸಿದ ಬೀಡು ಇವತ್ತಿನ ಹಲವು ಮ್ಯಾನಿಫೋಲ್ಡುಗಳ ಲೋಹ.

ಜೀಪಿನ ಆರು ಕವಲು

ಲೋಹ ಬದಲಿಸಿದರೆ ಸಾಕೇ? ಸಾಲದು ಎಂಬುದಕ್ಕೆ ಜೀಪ್ ಚೆರೋಕಿ ಸಾಕ್ಷಿ. ಅಮೆರಿಕನ್ ಮೋಟರ್ಸ್ 1984ರ ಮಾದರಿಯಾಗಿ ತಂದ ಈ ಗಾಡಿ ಅಮೆರಿಕದಲ್ಲಿ 2001ರವರೆಗೆ ತಯಾರಾಯಿತು. 1987ರ ಮಾದರಿಯಿಂದ ಅದಕ್ಕೆ ಬಂದ 4 ಲೀಟರಿನ, ಸಾಲಾಗಿ ಆರು ಸಿಲಿಂಡರುಗಳ ಎಂಜಿನ್ ಗಟ್ಟಿತನಕ್ಕೆ ಹೆಸರಾದದ್ದು. ಬ್ಲಾಕು, ಹೆಡ್ಡು ಎರಡೂ ಬೀಡು. 3 ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್ನುಗಳು ಅದರ ಮಾಲೀಕರಿಗೆ ಹೊಸದಲ್ಲ. ಅಂಥ ಎಂಜಿನ್ನಿಗೂ ಒಂದು ಕುಖ್ಯಾತ ಹುಣ್ಣಿತ್ತು. 1990ರ ದಶಕದ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡು ಎರಕದ ತುಂಡಾಗಿರದೆ ಬೆಸುಗೆ ಹಾಕಿ ಜೋಡಿಸಿದ ಉಕ್ಕಿನ ಕೊಳವೆಗಳದಾಗಿತ್ತು. ಅದು ಕವಲುಗಳು ಕೂಡುವ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತಿತ್ತು. ಉಕ್ಕಿನಲ್ಲಿ ಗ್ರಾಫೈಟ್ ಚಕ್ಕೆಯಿಲ್ಲ, ಎಳೆತಕ್ಕೆ ಅದು ಬೀಡಿಗಿಂತ ಎಷ್ಟೋ ಗಟ್ಟಿ. ಆದರೂ ಒಡೆಯಿತು.

ಆ ಎಂಜಿನ್ನಿನ ರಚನೆ ನೋಡಿದರೆ ಕಾರಣ ಕಾಣುತ್ತದೆ. ಆರು ಸಿಲಿಂಡರಿನ ಸಾಲು ಅರ್ಧ ಮೀಟರಿಗೂ ಉದ್ದ, ಒಂದೇ ಮ್ಯಾನಿಫೋಲ್ಡು ಆರನ್ನೂ ಹಿಡಿದಿದೆ. ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡೂ ಹೆಡ್ಡಿನ ಅದೇ ಪಕ್ಕದಲ್ಲಿದೆ. ಅದು ಅಲ್ಯೂಮಿನಿಯಂ, ಅಷ್ಟೊಂದು ಬಿಸಿಯಾಗುವುದಿಲ್ಲ. ಎರಡೂ ಒಂದೇ ಗ್ಯಾಸ್ಕೆಟ್ಟಿನ ಮೇಲೆ, ಹಲವು ಕಡೆ ಒಂದೇ ಬೋಲ್ಟಿನ ವಾಷರ್ ಕೆಳಗೆ ಹಂಚಿಕೊಂಡು ಕೂತಿವೆ. ಬೇರೆ ಬೇರೆ ಅಳತೆಗೆ ಹಿಗ್ಗುವ ಮೂರು ಲೋಹಗಳು ಒಂದೇ ಬೋಲ್ಟಿನಲ್ಲಿ. ಇದರ ಮೇಲೆ ಸುಮಾರು 300 ನ್ಯೂಟನ್-ಮೀಟರ್ ತಿರುಚು ಬಲದ ಎಂಜಿನ್. ಎಂಜಿನ್ ಮೌಂಟಿಂಗಿನ ರಬ್ಬರ್ ಹಳೆಯದಾಗಿ ಕುಸಿದರೆ ಪ್ರತಿ ಸಲ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಪಕ್ಕಕ್ಕೆ ವಾಲುತ್ತದೆ. ಕೆಳಗಿನ ಉದ್ದ ಪೈಪು ಗಾಡಿಯ ತಳಕ್ಕೆ ತೂಗಿಕೊಂಡಿರುವುದರಿಂದ ಆ ವಾಲಾಟವೆಲ್ಲ ಮ್ಯಾನಿಫೋಲ್ಡಿನ ಬೆಸುಗೆಗೆ ಬಂದು ಬೀಳುತ್ತದೆ.

ಆಮೇಲೆ ಬಂದ ಬದಲಿ ಮ್ಯಾನಿಫೋಲ್ಡುಗಳಲ್ಲಿ ಕವಲುಗಳ ನಡುವೆ ಸುಕ್ಕುಸುಕ್ಕಾದ ತುಂಡು, ಬೆಲ್ಲೋಸ್, ಸೇರಿಸಿದರು. ಹಿಗ್ಗಿದ ಉದ್ದವನ್ನು ಸುಕ್ಕುಗಳು ನುಂಗುತ್ತವೆ. 2000ರ ಮಾದರಿಯ ಹೊತ್ತಿಗೆ ಒಂದೇ ಉದ್ದ ಮ್ಯಾನಿಫೋಲ್ಡಿನ ಬದಲು ಮೂರು ಮೂರು ಸಿಲಿಂಡರಿಗೆ ಒಂದರಂತೆ ಎರಡು ತುಂಡುಗಳು ಬಂದವು. ಉದ್ದ ಅರ್ಧವಾದರೆ ಹಿಗ್ಗಿನ ಜಗಳವೂ ಅರ್ಧ, ಕಾಫಿನ್ ಮತ್ತು ಮ್ಯಾನ್ಸನ್ ಸೂತ್ರದಂತೆ ಆಯುಸ್ಸು ಅದಕ್ಕಿಂತ ಹೆಚ್ಚು ಪಟ್ಟು.

ಇನ್ನೂ ಸೋಜಿಗದ್ದು ಲ್ಯಾಂಡ್ ರೋವರ್‌ನ ಐದು ಸಿಲಿಂಡರಿನ ಟಿಡಿ5 ಡೀಸೆಲ್ ಎಂಜಿನ್ನಿನದು. ಅದರ ಎರಕದ ಮ್ಯಾನಿಫೋಲ್ಡಿನಲ್ಲಿ ಕವಲಿನ ಫ್ಲ್ಯಾಂಜುಗಳನ್ನು ಒಂದಕ್ಕೊಂದು ಸೇರಿಸುವ ಅಡ್ಡಪಟ್ಟಿಗಳಿವೆ. ಕಾದು ತಣಿದು ತುಂಡು ಬಾಗಿ, ತನ್ನನ್ನು ಹೆಡ್ಡಿಗೆ ಹಿಡಿದ ತುದಿಯ ಸ್ಟಡ್ಡುಗಳನ್ನು ಮುರಿದುಹಾಕುತ್ತದೆ. ಮೆಕ್ಯಾನಿಕ್ಕುಗಳು ಕಂಡುಕೊಂಡ ಪರಿಹಾರವೆಂದರೆ ಆ ಅಡ್ಡಪಟ್ಟಿಗಳನ್ನು ಗರಗಸದಿಂದ ಕೊಯ್ದು ತೆಗೆಯುವುದು, ಆಮೇಲೆ ಮುಖವನ್ನು ಮಟ್ಟಸ ಮಾಡಿಸಿ ಕೂರಿಸುವುದು. ಲೋಹ ಕಡಿಮೆಯಾಯಿತು, ಪ್ರತಿ ಕವಲಿಗೂ ತನ್ನಷ್ಟಕ್ಕೆ ಅಲುಗುವ ಸ್ವಾತಂತ್ರ್ಯ ಸಿಕ್ಕಿತು, ಬಾಳಿಕೆ ಹೆಚ್ಚಿತು.

ಮೋಸಹೋಗುವ ಸೆನ್ಸರ್

ಕಾರ್ಬ್ಯುರೇಟರಿನ ಹಳೆಯ ಗಾಡಿಗಳಲ್ಲಿ ಬಿರುಕೆಂದರೆ ಸದ್ದು ಮತ್ತು ಹೊಗೆವಾಸನೆ, ಅಷ್ಟೇ. 1976ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ವೋಲ್ವೋ ಕಾರುಗಳಲ್ಲಿ ಬಾಷ್ ಕಂಪನಿಯ ಆಕ್ಸಿಜನ್ ಸೆನ್ಸರ್ ಕಾಣಿಸಿಕೊಂಡ ಮೇಲೆ ಕಥೆ ಬದಲಾಯಿತು. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಸೆನ್ಸರ್ ಒಂದು ವೋಲ್ಟಿಗಿಂತ ಕಡಿಮೆಯ ಸಂಕೇತ ಕಳಿಸುತ್ತದೆ: ಸುಮಾರು 0.9 ವೋಲ್ಟ್ ಎಂದರೆ ಪೆಟ್ರೋಲ್ ಹೆಚ್ಚು, 0.1 ಎಂದರೆ ಗಾಳಿ ಹೆಚ್ಚು. ಎಂಜಿನ್ನಿನ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಸರಿಹೊಂದಿಸುತ್ತದೆ.

ಬಿರುಕಿನಿಂದ ಹೊಗೆ ಹೊರಗೆ ಹೋದರೆ ಸೆನ್ಸರಿಗೇನು ನಷ್ಟ? ಹೊಗೆ ಒಂದೇ ಸಮನೆ ಹರಿಯುವುದಿಲ್ಲ ಎಂಬಲ್ಲಿದೆ ಗುಟ್ಟು. ಎಕ್ಸಾಸ್ಟ್ ವಾಲ್ವ್ ತೆರೆದಾಗ ಸಿಲಿಂಡರಿನೊಳಗೆ ಇನ್ನೂ ವಾತಾವರಣದ ಕೆಲವು ಪಟ್ಟು ಒತ್ತಡವಿರುತ್ತದೆ. ಹೊಗೆ ಒಂದು ಮುದ್ದೆಯಾಗಿ ಧಾವಿಸುತ್ತದೆ. ಆ ಮುದ್ದೆ ತನ್ನ ವೇಗದಲ್ಲಿ ಮುಂದೆ ಸಾಗಿದಾಗ ಹಿಂದೆ ಒತ್ತಡ ಕ್ಷಣಕಾಲ ಹೊರಗಿನ ಗಾಳಿಗಿಂತಲೂ ಕೆಳಗಿಳಿಯುತ್ತದೆ. ಆಗ ಬಿರುಕು ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿರುವ ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಪೆಟ್ರೋಲ್ ಸಾಲದು ಎಂದು ವರದಿ ಮಾಡುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಹೊಯ್ಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಕುಡಿದ ಎಂಜಿನ್ ಮೈಲೇಜ್ ಕಳೆದುಕೊಳ್ಳುತ್ತದೆ. ಉರಿಯದೆ ಉಳಿದ ಇಂಧನ, ಬಿರುಕಿನಿಂದ ಬಂದ ಗಾಳಿ ಎರಡೂ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸೇರಿ ಅಲ್ಲಿ ಉರಿಯುತ್ತವೆ, ಕನ್ವರ್ಟರ್ ಮಿತಿಮೀರಿ ಕಾಯುತ್ತದೆ. ಸ್ಕ್ಯಾನರ್ ಹಚ್ಚಿದರೆ ಮಿಶ್ರಣ ತೆಳು ಎನ್ನುವ ಪಿ0171 ಕೋಡ್ ಬರುತ್ತದೆ. ಅದನ್ನು ನಂಬಿ ಆಕ್ಸಿಜನ್ ಸೆನ್ಸರನ್ನೇ ಬದಲಿಸುವುದು ಸಾಮಾನ್ಯ. ಹೊಸ ಸೆನ್ಸರೂ ಅದೇ ಗಾಳಿಯನ್ನು ಕಂಡು ಅದೇ ವರದಿ ಕೊಡುತ್ತದೆ.

ದುಡ್ಡಿಗಿಂತ ದೊಡ್ಡದು ಪ್ರಾಣದ ಮಾತು. ಮ್ಯಾನಿಫೋಲ್ಡಿನ ಹೊಗೆ ಇನ್ನೂ ಕನ್ವರ್ಟರ್ ದಾಟದ ಹೊಗೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಹಿಡಿದುಕೊಳ್ಳುತ್ತದೆ. ಕ್ಯಾಬಿನ್ನಿಗೆ ಹೊರಗಾಳಿ ಹೋಗುವ ಬಾಯಿ ಹೆಚ್ಚಿನ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿ, ಎಂಜಿನ್ ಗೂಡಿಗೆ ಹತ್ತಿರವೇ ಇದೆ. ಬೆಳಗಿನ ಸ್ಟಾರ್ಟ್ ಇಲ್ಲಿ ಮೂರು ಕೆಡುಕುಗಳ ಕೂಟ: ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಹೋಗುವುದರಿಂದ ಮಾನಾಕ್ಸೈಡ್ ಹೆಚ್ಚು, 250-300 ಡಿಗ್ರಿ ಏರುವವರೆಗೆ ಕನ್ವರ್ಟರ್ ಕೆಲಸ ಶುರುಮಾಡುವುದಿಲ್ಲ, ಬಿರುಕೂ ಆಗಲೇ ಅತಿ ಅಗಲ. ಶಟರ್ ಎಳೆದ ಶೆಡ್ಡಿನೊಳಗೆ ಅಂಥ ಎಂಜಿನ್ ಓಡಿಸಬಾರದು. ಕಾರಿನೊಳಗೆ ಕೂತಾಗ ತಲೆನೋವು, ವಾಕರಿಕೆ ಬಂದು ಹೊರಗೆ ಇಳಿದಾಗ ಕಡಿಮೆಯಾದರೆ ರಿಪೇರಿಯನ್ನು ಮುಂದಿನ ವಾರಕ್ಕೆ ಹಾಕಬಾರದು.

ಹುಡುಕುವ ಬಗೆ

ಪರೀಕ್ಷೆಗೆ ಎಂಜಿನ್ ರಾತ್ರಿಯಿಡೀ ಆರಿರಬೇಕು. ಸಾಧ್ಯವಿದ್ದರೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬರುವುದು ಲೇಸು. ಮೆಕ್ಯಾನಿಕ್ಕುಗಳ ಹಳೆಯ ವಿಧಾನವೆಂದರೆ ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಫ್ಯಾನು, ಬೆಲ್ಟುಗಳಿಗೆ ಸಿಗದಂತೆ ಕವಲಿನ ಉದ್ದಕ್ಕೂ ಆಡಿಸುವುದು. ಸೋರುವ ಜಾಗದಲ್ಲಿ ಸದ್ದು ಪಟ್ಟನೆ ಕಿವಿಗೆ ಹೊಡೆಯುತ್ತದೆ.

ಎಂಜಿನ್ ಓಡಿಸದೆಯೂ ಪತ್ತೆ ಮಾಡಬಹುದು. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಬಟ್ಟೆ ಸುತ್ತಿ ಹಿಂದಿನ ಪೈಪಿಗೆ ಸೇರಿಸಿ, ತಣ್ಣಗಿರುವ ಮ್ಯಾನಿಫೋಲ್ಡಿನ ಮೇಲೆ ಸೋಪಿನ ನೀರು ಚಿಮುಕಿಸಿದರೆ ಬಿರುಕಿನ ಮೇಲೆ ಗುಳ್ಳೆಗಳು ಸಾಲುಗಟ್ಟುತ್ತವೆ. ಗುಳ್ಳೆ ಎದ್ದ ಜಾಗವೇ ಮುಂದಿನ ಖರ್ಚನ್ನು ತೀರ್ಮಾನಿಸುತ್ತದೆ. ಹೆಡ್ಡು ಮತ್ತು ಮ್ಯಾನಿಫೋಲ್ಡು ಕೂಡುವ ಗೆರೆಯಲ್ಲಿ ಎದ್ದರೆ ಹೋಗಿರುವುದು ಗ್ಯಾಸ್ಕೆಟ್ ಇಲ್ಲವೇ ಸ್ಟಡ್. ಕವಲಿನ ಮೈಮೇಲೆ ಎದ್ದರೆ ಬಿರುಕು. ಹೆಚ್ಚಿನ ಬಿರುಕುಗಳು ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಇರುತ್ತವೆ. ಟಾರ್ಚು, ಪುಟ್ಟ ಕನ್ನಡಿ ಹಿಡಿದು ನೋಡಿದರೆ ಕೂದಲೆಳೆಯಂಥ ಗೆರೆ, ಅದರ ಎರಡೂ ಕಡೆ ಮಸಿಯ ತೆಳು ಗರಿ ಕಾಣುತ್ತದೆ.

ಕಂಡ ಬಿರುಕು ನಾಳೆಯೇ ಎರಡು ಹೋಳಾಗುತ್ತದೆಂದು ಗಾಬರಿಯಾಗಬೇಕಿಲ್ಲ. ಬಿರುಕು ಬೆಳೆದಷ್ಟೂ ಮ್ಯಾನಿಫೋಲ್ಡಿಗೆ ಅಲುಗಲು ತುಸು ಎಡೆ ಸಿಗುತ್ತದೆ, ಎಳೆತ ತಗ್ಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಒಡೆದ ಮ್ಯಾನಿಫೋಲ್ಡಿನಲ್ಲೇ ವರ್ಷಗಟ್ಟಲೆ ಓಡುವ ಕಾರುಗಳು ಇರುವುದು ಹೀಗೆ. ಲೋಹ ತನಗೆ ಬೇಕಾದ ಬಿಡುವನ್ನು ತಾನೇ ಸೀಳಿ ಪಡೆದುಕೊಂಡಿರುತ್ತದೆ. ಹೊಗೆ ಮತ್ತು ಸೆನ್ಸರಿನ ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಬೆಸುಗೆಯೋ, ಬದಲಿಯೋ

ಅಂಗಡಿಯಲ್ಲಿ ಸಿಗುವ, ಶಾಖ ತಡೆಯುವ ಪುಟ್ಟಿ ಮೆತ್ತಿದರೆ ಕೆಲವು ದಿನ ಸದ್ದು ನಿಲ್ಲಬಹುದು. ಬಿರುಕಿನ ಅಂಚುಗಳು ದಿನವೂ ಕೂಡಿ ಅಗಲುತ್ತಿರುವಾಗ ಗಡುಸಾದ ಪುಟ್ಟಿ ಉದುರಿಹೋಗುತ್ತದೆ.

ಬೀಡಿನ ಬೆಸುಗೆ ನುರಿತವರ ಕೆಲಸ. ಬೆಸುಗೆಯ ಪಕ್ಕದ ಬೀಡು ಕೆಂಪಗೆ ಕಾದು, ಸುತ್ತಲಿನ ತಣ್ಣನೆಯ ರಾಶಿಯಿಂದ ಬೇಗನೆ ಆರಿದಾಗ ಇಂಗಾಲಕ್ಕೆ ಗ್ರಾಫೈಟಾಗಿ ಬೇರ್ಪಡಲು ವೇಳೆ ಸಿಗುವುದಿಲ್ಲ. ಅಲ್ಲಿ ಗಾಜಿನಂತೆ ಗಡುಸಾದ, ಪೆಡಸು ಪದರ ಉಳಿಯುತ್ತದೆ. ಮರುದಿನ ಅದರ ಪಕ್ಕದಲ್ಲೇ ಹೊಸ ಬಿರುಕು. ಇದನ್ನು ತಪ್ಪಿಸಲು ಎರಡು ದಾರಿ. ಇಡೀ ತುಂಡನ್ನು 500-600 ಡಿಗ್ರಿಗೆ ಕಾಯಿಸಿ ಬೆಸೆದು, ಬೂದಿಯಲ್ಲೋ ಒಣಸುಣ್ಣದಲ್ಲೋ ಹೂತು ಗಂಟೆಗಟ್ಟಲೆ ಆರಲು ಬಿಡುವುದು ಒಂದು. ನಿಕ್ಕಲ್ ರಾಡಿನಿಂದ ಎರಡು ಮೂರು ಸೆಂಟಿಮೀಟರ್ ಬೆಸೆದು, ಬಿಸಿಯಿರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಇನ್ನೊಂದು ತುಣುಕು ಬೆಸೆಯುವುದು ಇನ್ನೊಂದು. ಆ ತಟ್ಟುವಿಕೆ ಬೆಸುಗೆಯನ್ನು ಹಿಗ್ಗಿಸಿ, ಆರುವಾಗ ಹುಟ್ಟುವ ಎಳೆತವನ್ನು ಅಲ್ಲಲ್ಲೇ ತೀರಿಸುತ್ತದೆ. ಎರಡರಲ್ಲೂ ಮೊದಲು ಬಿರುಕಿನ ಎರಡೂ ತುದಿಗೆ ಚಿಕ್ಕ ದುಂಡು ತೂತು ಕೊರೆಯಬೇಕು. ಹರಿತವಾದ ತುದಿ ಇಂಗ್ಲಿಸ್‌ನ ದುಂಡು ತೂತಾಗಿ ಮೊಂಡಾಗುತ್ತದೆ. ಬೆಸೆದ ಮೇಲೆ ಮುಖ ಬಾಗಿಯೇ ಇರುತ್ತದೆ, ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸದೆ ಕೂರಿಸುವಂತಿಲ್ಲ. ವರ್ಷಗಟ್ಟಲೆ ಕಾದು ಒಳಗೆಲ್ಲ ತುಕ್ಕು ಹೊಕ್ಕ ಬೀಡಿಗೆ ಬೆಸುಗೆ ಹಿಡಿಯುವುದೇ ಕಷ್ಟ. ಬದಲಿ ಭಾಗ ಸಿಗದ ಅಪರೂಪದ ಕಾರಿಗಷ್ಟೇ ಈ ಶ್ರಮ ತಕ್ಕದ್ದು. ಉಕ್ಕಿನ ಕೊಳವೆಯ ಮ್ಯಾನಿಫೋಲ್ಡಾದರೆ ಬೆಸುಗೆ ಸಲೀಸು. ಜೀಪಿನವರ ಅನುಭವದಂತೆ, ಬಿಗಿತದ ಕಾರಣ ಹಾಗೇ ಉಳಿದರೆ ಅದು ಮತ್ತೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಬಿಚ್ಚುವಾಗ ಕಾಡುವುದು ತುಕ್ಕು ಹಿಡಿದ ಸ್ಟಡ್ಡುಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೆಳಿಗ್ಗೆ ನಟ್ಟನ್ನು ಮೊದಲು ಕೂದಲಷ್ಟು ಬಿಗಿಸಿ ಆಮೇಲೆ ಸಡಿಲಿಸಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಆಗಲೂ ಜಗ್ಗದಿದ್ದರೆ ಎಣ್ಣೆ ಒರೆಸಿ, ನಟ್ಟನ್ನಷ್ಟೇ ಗ್ಯಾಸ್ ಕಟ್ಟರಿನಿಂದ ಕೆಂಪಗೆ ಕಾಯಿಸಬೇಕು. ಹೆಡ್ಡಿನೊಳಗೆ ಮುರಿದ ಸ್ಟಡ್ ತೆಗೆಯುವುದಕ್ಕಿಂತ ಈ ತಾಳ್ಮೆ ಅಗ್ಗ.

ಹೊಸದನ್ನು ಕೂರಿಸುವಾಗ ಬೋಲ್ಟಿನ ತೂತುಗಳನ್ನು ಗಮನಿಸಿ. ಹಲವು ಮ್ಯಾನಿಫೋಲ್ಡುಗಳಲ್ಲಿ ನಡುವಿನ ತೂತು ದುಂಡಗಿದ್ದು ತುದಿಯವು ಉದ್ದುದ್ದ ಇರುತ್ತವೆ. ಅದು ಎರಕದ ದೋಷವಲ್ಲ. ನಡುವನ್ನು ಹಿಡಿದು ತುದಿಗಳು ಜಾರಲಿ ಎಂದು ಮಾಡಿದ ಏರ್ಪಾಡು. ನಡುವಿನಿಂದ ಶುರುಮಾಡಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್ ಹಿಡಿದು ಕೈಪಿಡಿ ಹೇಳಿದಷ್ಟೇ ಬಿಗಿಸಬೇಕು. ಸೋರಬಾರದೆಂದು ಪಾನಾಕ್ಕೆ ಪೈಪು ತೊಡಿಸಿ ಇನ್ನೊಂದು ಸುತ್ತು ಎಳೆದವನು ಜಾರುವ ತುದಿಯನ್ನು ಕೀಲು ಜಡಿದಂತೆ ಮಾಡುತ್ತಾನೆ. ಇವತ್ತಿನ ಸೋರಿಕೆ ನಿಲ್ಲುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಆರಂಭ.

ತೆಗೆದ ಹಳೆಯ ತುಂಡನ್ನು ಗುಜರಿಗೆ ಹಾಕುವ ಮುನ್ನ ಬೆಂಚಿನ ಮೇಲೆ ಇಟ್ಟು ಒಂದು ನೇರ ಉಕ್ಕಿನ ಪಟ್ಟಿಯನ್ನು ಮುಖಕ್ಕೆ ಒರಗಿಸಿ ನೋಡುವುದು ಒಳ್ಳೆಯದು. ಎಲ್ಲಿ ಬೆಳಕು ಹಾಯುತ್ತದೋ ಅಲ್ಲಿ ಬಾಗಿದೆ, ಬಿರುಕು ಎಲ್ಲಿದೆಯೋ ಅಲ್ಲಿ ಎಳೆತ ಬಿದ್ದಿದೆ. ಬಿರುಕು ತುದಿಯ ಕವಲಿನಲ್ಲಿದ್ದರೆ ಬೋಲ್ಟಿನ ಬಿಗಿತವನ್ನು, ವಾಷರುಗಳನ್ನು ಅನುಮಾನಿಸಬೇಕು. ಕೆಳಗಿನ ಪೈಪು ಸೇರುವ ಕಡೆಯಿದ್ದರೆ ಎಂಜಿನ್ ಮೌಂಟಿಂಗನ್ನು, ಸೈಲೆನ್ಸರ್ ತೂಗುಹಾಕುವ ರಬ್ಬರುಗಳನ್ನು ನೋಡಬೇಕು. ಒಂದು ಜೊತೆ ಮೌಂಟಿಂಗ್ ಬದಲಿಸುವ ಖರ್ಚು ಬೇಡವೆಂದು ಬಿಟ್ಟರೆ, ಹೊಸ ಮ್ಯಾನಿಫೋಲ್ಡು ಎಷ್ಟೇ ಒಳ್ಳೆಯ ಲೋಹದ್ದಾದರೂ ಹಳೆಯದು ಸೀಳಿದ ಜಾಗದಲ್ಲೇ ಸೀಳುತ್ತದೆ.